ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಡೇಟಾವನ್ನು ದೀರ್ಘಕಾಲ ಉಳಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಫೋಟೊ, ವಿಡಿಯೊ, ಆಸ್ತಿಪತ್ರಗಳ ಸ್ಕ್ಯಾನ್ ಪ್ರತಿ, ಲೆಕ್ಕಪತ್ರ, ಬರವಣಿಗೆ ಇವುಗಳನ್ನು ಹತ್ತು ಹದಿನೈದು ವರ್ಷಗಳ ಆಚೆಗೂ ಕಾಪಾಡಿಕೊಳ್ಳಲು ಬಯಸುವವರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಕಚೇರಿಯ ಸರ್ವರ್‌ಗಳ ವಿಚಾರ ಇಲ್ಲಿಲ್ಲ. ಎಲ್ಲ ಉತ್ತರಗಳ ಹಿಂದಿರುವ ನಿಲುವು ಒಂದೇ: ಡಿಸ್ಕ್ ಕೆಡುವುದನ್ನು ತಡೆಯಲು ಯಾರಿಂದಲೂ ಆಗದು, ಆದರೆ ಅದರಲ್ಲಿರುವುದನ್ನು ಕಾಲಕಾಲಕ್ಕೆ ಓದಿ ನೋಡುವ ಅಭ್ಯಾಸವಿದ್ದರೆ ಕೆಡುತ್ತಿರುವ ಸುಳಿವು ಮೊದಲೇ ಸಿಗುವ ಸಾಧ್ಯತೆ ಹೆಚ್ಚು, ಸಿಗದಿದ್ದರೂ ಇನ್ನೊಂದು ಪ್ರತಿ ಕೈಯಲ್ಲಿರುತ್ತದೆ.

ಒಂದು ಹಾರ್ಡ್ ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ?

ನಿಮ್ಮ ಕೈಯಲ್ಲಿರುವ ಒಂದು ಡಿಸ್ಕ್‌ನ ಆಯುಷ್ಯವನ್ನು ಯಾರೂ ಹೇಳಲಾರರು. ಸಾವಿರಾರು ಡಿಸ್ಕ್‌ಗಳಲ್ಲಿ ವರ್ಷಕ್ಕೆ ಎಷ್ಟು ಕೆಡುತ್ತವೆ ಎಂಬುದನ್ನಷ್ಟೇ ಹೇಳಬಹುದು. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕ್ಲೌಡ್ ಸಂಗ್ರಹಣಾ ಕಂಪನಿಯು ತನ್ನಲ್ಲಿರುವ ಡಿಸ್ಕ್‌ಗಳ ಅಂಕಿಅಂಶಗಳನ್ನು 2013ರಿಂದಲೂ ದಾಖಲಿಸಿ ಬಹಿರಂಗವಾಗಿ ಪ್ರಕಟಿಸುತ್ತಿದೆ. ಇತ್ತೀಚಿನ ವರ್ಷಗಳ ಲೆಕ್ಕದ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದರಿಂದ ಎರಡು ಡಿಸ್ಕ್‌ಗಳು ಕೆಡುತ್ತವೆ. ಅವು ತಂಪಾದ ಕೋಣೆಯಲ್ಲಿ, ಸ್ಥಿರವಾದ ವಿದ್ಯುತ್ತಿನಲ್ಲಿ, ಯಾರೂ ಅಲುಗಾಡಿಸದ ಚೌಕಟ್ಟಿನೊಳಗೆ ತಿರುಗುವ ಡಿಸ್ಕ್‌ಗಳು ಎಂಬುದನ್ನು ಮರೆಯಬಾರದು. ಲ್ಯಾಪ್‌ಟಾಪ್ ಚೀಲದಲ್ಲಿ ಬಸ್ಸು ಹತ್ತಿ ಇಳಿಯುವ ಡಿಸ್ಕ್‌ಗೆ ಅದೇ ಲೆಕ್ಕ ಅನ್ವಯಿಸುವುದಿಲ್ಲ.

ತಯಾರಕರ ವಿವರಪತ್ರದಲ್ಲಿ ಕಾಣುವ, ಕೆಡುವವರೆಗೆ ಹತ್ತು ಲಕ್ಷ ಗಂಟೆಗಳ ಸರಾಸರಿ ಎಂಬ ಅಂಕಿಯನ್ನು ನೇರವಾಗಿ ಭಾಗಿಸಿದರೆ 114 ವರ್ಷ ಬರುತ್ತದೆ. ಯಾವ ಡಿಸ್ಕೂ ಅಷ್ಟು ಕಾಲ ನಡೆಯುವುದಿಲ್ಲ. ಸಾವಿರಾರು ಡಿಸ್ಕ್‌ಗಳು ಏಕಕಾಲಕ್ಕೆ ಓಡುವಾಗ ವರ್ಷಕ್ಕೆ ನೂರರಲ್ಲಿ ಸುಮಾರು 0.88 ಕೆಡಬಹುದು ಎಂಬುದಷ್ಟೇ ಅದರ ಅರ್ಥ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಒಂದು ಲಕ್ಷ ಡಿಸ್ಕ್‌ಗಳನ್ನು ಗಮನಿಸಿದಾಗ, ಬದಲಿಸಬೇಕಾಗಿ ಬಂದ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 2ರಿಂದ 4ರಷ್ಟಿತ್ತು. ಕೆಲವೆಡೆ 13ರವರೆಗೂ ಹೋಗಿತ್ತು. ಆದ್ದರಿಂದ ಮನೆಯ ಡಿಸ್ಕ್‌ಗೆ ಐದು ವರ್ಷ ಎಂದು ಲೆಕ್ಕ ಹಿಡಿದು, ಆಮೇಲೆ ಸಿಕ್ಕ ಪ್ರತಿ ವರ್ಷವನ್ನೂ ಲಾಭವೆಂದು ಭಾವಿಸುವುದು ಕ್ಷೇಮ.

ಯಾವ ಬಗೆಯ ಡಿಸ್ಕ್ ಕೊಳ್ಳಬೇಕು?

ಇಂದು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವ ದೊಡ್ಡ ಕಂಪನಿಗಳು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೊಷಿಬಾ ಎಂಬ ಮೂರೇ. ಬ್ರ್ಯಾಂಡ್ ಕುರಿತ ವಾದದಲ್ಲಿ ಕಾಲ ಕಳೆಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಒಂದೇ ಕಂಪನಿಯ ಎರಡು ಮಾದರಿಗಳ ನಡುವಿನ ಅಂತರವು ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಹುದು. ಗಮನಿಸಬೇಕಾದ ಸಂಗತಿಗಳು ಬೇರೆ ಇವೆ.

ಮೊದಲನೆಯದು ಬರೆಯುವ ವಿಧಾನ. ಸಿಎಂಆರ್ ಎಂಬ ಸಾಂಪ್ರದಾಯಿಕ ವಿಧಾನದಲ್ಲಿ ದತ್ತಾಂಶದ ಪಥಗಳು ಅಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್ ವಿಧಾನದಲ್ಲಿ ಹೆಚ್ಚು ಡೇಟಾ ಹಿಡಿಸಲೆಂದು ಅವುಗಳನ್ನು ಮನೆಯ ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಲಾಗುತ್ತದೆ. ಹೊದಿಸಿದ ಪಥಗಳ ನಡುವೆ ಏನನ್ನಾದರೂ ತಿದ್ದಬೇಕೆಂದರೆ ನೆರೆಯ ಪಥಗಳನ್ನೂ ಮತ್ತೆ ಬರೆಯಬೇಕಾಗುವುದರಿಂದ ವೇಗ ಕುಸಿಯುತ್ತದೆ. ಒಮ್ಮೆ ತುಂಬಿಸಿ ಎತ್ತಿಡುವ ಬ್ಯಾಕಪ್‌ಗೆ ಎಸ್‌ಎಂಆರ್ ಸಾಕು. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ ವಿಧಾನವನ್ನೋ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನೋ ಬಳಸುವವರಿಗೆ ಸಿಎಂಆರ್ ಬೇಕೇ ಬೇಕು. ನೆಟ್‌ವರ್ಕಿಗೆ ಜೋಡಿಸುವ ನ್ಯಾಸ್ ಎಂಬ ಸಂಗ್ರಹ ಪೆಟ್ಟಿಗೆಗಳಿಗೆಂದು ಮಾರುತ್ತಿದ್ದ ಕೆಲವು ವೆಸ್ಟರ್ನ್ ಡಿಜಿಟಲ್ ಮಾದರಿಗಳಲ್ಲಿಯೂ ಎಸ್‌ಎಂಆರ್ ಇರುವುದು 2020ರಲ್ಲಿ ಬೆಳಕಿಗೆ ಬಂದು ಗದ್ದಲವಾದ ಮೇಲೆ ಕಂಪನಿಗಳು ಮಾದರಿವಾರು ಪಟ್ಟಿಗಳನ್ನು ಪ್ರಕಟಿಸಿದವು. ಕೊಳ್ಳುವ ಮೊದಲು ಆ ಪಟ್ಟಿಯನ್ನು ನೋಡಿ.

ಎರಡನೆಯದು ಗಾತ್ರ. ಜೇಬಿನಲ್ಲಿ ಹಿಡಿಸುವ 2.5 ಇಂಚಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹಲವಕ್ಕೆ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್‌ಗೇ ನೇರವಾಗಿ ಬೆಸುಗೆ ಹಾಕಿರುತ್ತಾರೆ. ಆ ಕಿಂಡಿ ಸಡಿಲವಾದರೆ ಡಿಸ್ಕ್ ಚೆನ್ನಾಗಿದ್ದರೂ ಅದನ್ನು ಹೊರತೆಗೆದು ಕಂಪ್ಯೂಟರಿಗೆ ಜೋಡಿಸಲಾಗದು. 3.5 ಇಂಚಿನ ಡಿಸ್ಕ್ ದೊಡ್ಡದು, ಬೇರೆಯೇ ಅಡಾಪ್ಟರ್ ಬೇಡುತ್ತದೆ. ಆದರೆ ಹೊರಗಿನ ಪೆಟ್ಟಿಗೆ ಕೆಟ್ಟರೂ ಒಳಗಿರುವುದು ಕಂಪ್ಯೂಟರಿನೊಳಗೆ ಜೋಡಿಸುವಂಥ ಸಾಮಾನ್ಯ ಸಾಟಾ ಡಿಸ್ಕ್ ಆಗಿರುವುದರಿಂದ ಬೇರೆ ಪೆಟ್ಟಿಗೆಗೆ ಹಾಕಬಹುದು. (ಪೆಟ್ಟಿಗೆಯ ಚಿಪ್ಪೇ ಗೂಢಲಿಪೀಕರಣ ಮಾಡುವ ಮಾದರಿಗಳಿಗೆ ಈ ಮಾತು ಸಲ್ಲುವುದಿಲ್ಲ.) ಮನೆಯಲ್ಲಿ ಒಂದೆಡೆ ಇರುವ ಸಂಗ್ರಹಕ್ಕೆ 3.5 ಇಂಚಿನದ್ದೇ ನನ್ನ ಆಯ್ಕೆ.

ಎರಡು ಡಿಸ್ಕ್ ಕೊಳ್ಳುವುದಾದರೆ ಬೇರೆ ಬೇರೆ ಕಂಪನಿಯವನ್ನೋ ಬೇರೆ ಬೇರೆ ತಿಂಗಳಲ್ಲಿ ತಯಾರಾದವನ್ನೋ ಆರಿಸಿಕೊಳ್ಳಿ. ಒಂದೇ ಬ್ಯಾಚ್‌ನಲ್ಲಿ ತಯಾರಾಗಿ, ಒಂದೇ ದಿನ ಕೆಲಸಕ್ಕೆ ಇಳಿದ ಡಿಸ್ಕ್‌ಗಳಲ್ಲಿ ಒಂದೇ ದೋಷವಿರುವ ಸಾಧ್ಯತೆಯಿದೆ.

ಹೊಸ ಡಿಸ್ಕ್ ತಂದ ಕೂಡಲೇ ಡೇಟಾ ತುಂಬಿಸಬಹುದೇ?

ತುಂಬಿಸಬಹುದು, ಆದರೆ ಮೂಲ ಪ್ರತಿಯನ್ನು ಮಾತ್ರ ಅಳಿಸಬಾರದು. ಕಾರ್ಖಾನೆಯ ದೋಷವಿರುವ ಡಿಸ್ಕ್‌ಗಳು ಹಲವು ಸಲ ಮೊದಲ ಕೆಲವು ತಿಂಗಳಲ್ಲೇ ಅದನ್ನು ತೋರಿಸಿಬಿಡುತ್ತವೆ. ಅದಕ್ಕಾಗಿ ಡಿಸ್ಕ್‌ನ ಪೂರ್ಣ ಸಾಮರ್ಥ್ಯವನ್ನು ಒಮ್ಮೆ ಬರೆದು, ಮತ್ತೆ ಓದಿ ತಾಳೆ ನೋಡುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಬ್ಯಾಡ್‌ಬ್ಲಾಕ್ಸ್, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಈ ಕೆಲಸ ಮಾಡುತ್ತವೆ. ಬ್ಯಾಡ್‌ಬ್ಲಾಕ್ಸ್‌ನ ಬರೆಯುವ ಪರೀಕ್ಷೆ ಇರುವುದನ್ನೆಲ್ಲ ಅಳಿಸುವುದರಿಂದ ಅದನ್ನು ಖಾಲಿ ಡಿಸ್ಕ್‌ನ ಮೇಲಷ್ಟೇ ನಡೆಸಬೇಕು. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ಡಿಸ್ಕ್ ಒಂದು ಸುತ್ತು ಮುಗಿಸಲು ಏಳೂವರೆ ಗಂಟೆ ಬೇಕಾಗುವುದರಿಂದ ರಾತ್ರಿ ಹಚ್ಚಿಟ್ಟು ಮಲಗುವುದೇ ಅನುಕೂಲ. ನಂಬಲಾಗದಷ್ಟು ಅಗ್ಗದ ಬೆಲೆಗೆ ಆನ್‌ಲೈನಿನಲ್ಲಿ ಸಿಗುವ ನಕಲಿ ಸಾಮರ್ಥ್ಯದ ಸಾಧನಗಳೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

4 ಟೆರಾಬೈಟ್ ಡಿಸ್ಕ್ ವಿಂಡೋಸ್‌ನಲ್ಲಿ 3.63 ಎಂದು ಕಾಣಿಸುವುದು ಮೋಸವಲ್ಲ. ತಯಾರಕರು ಸಾವಿರದಿಂದ, ವಿಂಡೋಸ್ 1024ರಿಂದ ಭಾಗಿಸುವುದರ ಫಲ.

ಡಿಸ್ಕ್ ಕೆಡುವ ಮುನ್ಸೂಚನೆಯನ್ನು ತಿಳಿಯುವುದು ಹೇಗೆ?

ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ, ಉಳಿದೆಡೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶಗಳಿಂದ ಅದನ್ನು ಓದಬಹುದು. ಪಟ್ಟಿ ಉದ್ದವಾಗಿರುತ್ತದೆ, ಗಮನವಿಡಬೇಕಾದ ಸಾಲುಗಳು ಕೆಲವೇ. 5ನೆಯದು ಕೆಟ್ಟುಹೋಗಿ ಮೀಸಲು ಜಾಗಕ್ಕೆ ಬದಲಾದ ಸೆಕ್ಟರ್‌ಗಳ (ಡೇಟಾ ಬರೆಯುವ ಸಣ್ಣ ತುಣುಕುಗಳ) ಸಂಖ್ಯೆ. 197ನೆಯದು ಓದಲು ತೊಡಕಾಗಿ ತೀರ್ಮಾನಕ್ಕೆ ಕಾದಿರುವವು. 187 ಮತ್ತು 198 ಸರಿಪಡಿಸಲಾಗದೆ ಉಳಿದ ದೋಷಗಳು. ಇವುಗಳ ಕಚ್ಚಾ ಅಂಕಿ ಸೊನ್ನೆಯಾಗಿರಬೇಕು. ಡೇಟಾ ಕೇಬಲಿನಲ್ಲಿ ಸಾಗುವಾಗಿನ ದೋಷಗಳನ್ನು ಎಣಿಸುವ 199ನೆಯದು ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಕೇಬಲನ್ನು ಅನುಮಾನಿಸಿ, ಬದಲಿಸಿ ನೋಡಿ. ಸೀಗೇಟ್ ಡಿಸ್ಕ್‌ಗಳಲ್ಲಿ ಓದುವ ದೋಷದ ದರವೆಂಬ 1ನೆಯ ಸಾಲಿನ ಕಚ್ಚಾ ಅಂಕಿ ಕೋಟಿಗಳಲ್ಲಿ ಕಾಣಿಸಿ ಅನೇಕರನ್ನು ಹೆದರಿಸುತ್ತದೆ. ಆ ಕಂಪನಿ ಅಂಕಿಯನ್ನು ಬರೆಯುವ ಕ್ರಮವೇ ಹಾಗೆ, ಅದು ದೋಷದ ಗುರುತಲ್ಲ.

ಆದರೆ ಸ್ಮಾರ್ಟ್ ಹೇಳುವ ಭರವಸೆಗೆ ಮಿತಿಯಿದೆ. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ವರದಿಯ ಎರಡು ಮಾತುಗಳನ್ನು ಒಟ್ಟಿಗೇ ಓದಿಕೊಳ್ಳಬೇಕು. ಡಿಸ್ಕ್ ತನ್ನನ್ನು ತಾನು ತಪಾಸಿಸಿಕೊಳ್ಳುವಾಗ ಮೊದಲ ದೋಷ ಕಂಡುಬಂದರೆ, ಮುಂದಿನ 60 ದಿನಗಳಲ್ಲಿ ಅದು ಕೆಡುವ ಸಂಭವ ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಇನ್ನೊಂದು ಕಡೆ, ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಮುಖವಾದ ನಾಲ್ಕು ಸೂಚಕಗಳಲ್ಲಿ ಒಂದರಲ್ಲೂ ಸುಳಿವು ಕೊಟ್ಟಿರಲಿಲ್ಲ. ಅಂದರೆ ಸ್ಮಾರ್ಟ್ ಎಚ್ಚರಿಸಿದರೆ ತಡಮಾಡದೆ ನಂಬಬೇಕು. ಅದು ಸುಮ್ಮನಿದ್ದರೆ ನಿಶ್ಚಿಂತೆಯಿಂದಿರುವ ಹಾಗಿಲ್ಲ.

ಬೀರುವಿನಲ್ಲಿ ಎತ್ತಿಟ್ಟ ಡಿಸ್ಕ್ ಕೆಡುತ್ತದೆಯೇ?

ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಮೇಲಿನ, ಡೇಟಾ ಹಿಡಿದಿರುವ ಕಾಂತೀಯ ಗುರುತುಗಳು ಬಹುಕಾಲ ಉಳಿಯಬಲ್ಲವು. ಮೊದಲು ಕೈಕೊಡುವುದು ಸುತ್ತಲಿನ ಯಂತ್ರಭಾಗಗಳು ಮತ್ತು ಎಲೆಕ್ಟ್ರಾನಿಕ್ಸ್. ಮೋಟರಿನ ಬೇರಿಂಗ್‌ನಲ್ಲಿ ಜಿಡ್ಡು ಇರುತ್ತದೆ, ಸರ್ಕ್ಯೂಟ್ ಬೋರ್ಡಿನ ಕೆಳಭಾಗದಲ್ಲಿ ಲೋಹದ ಸಂಪರ್ಕಬಿಂದುಗಳಿರುತ್ತವೆ, ತೇವವಿರುವ ಗಾಳಿಯಲ್ಲಿ ಅವು ಕಿಲುಬು ಹಿಡಿಯುತ್ತವೆ. ಮಂಗಳೂರು, ಉಡುಪಿ, ಕಾರವಾರದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೂ ಚಪ್ಪಲಿಗೂ ಬೂಸ್ಟು ಹಿಡಿಸುವ ಗಾಳಿ ಈ ಡಿಸ್ಕ್‌ಗಳನ್ನೂ ಬಿಡುವುದಿಲ್ಲ. ಡಿಸ್ಕನ್ನು ಅದು ಬಂದಿದ್ದ ಆ್ಯಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಬಿಗಿಯಾದ ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ. ಬಣ್ಣ ಬದಲಿಸುವ ಜೆಲ್ ತಂದರೆ ಅದು ತೇವ ಹೀರಿ ತಣಿದದ್ದು ನೋಟಕ್ಕೇ ತಿಳಿಯುತ್ತದೆ. ಹೀಲಿಯಂ ತುಂಬಿದ ಮಾದರಿಗಳನ್ನು ಬಿಟ್ಟರೆ ಡಿಸ್ಕ್‌ಗಳ ಹೊದಿಕೆಯಲ್ಲಿ ಗಾಳಿಯ ಒತ್ತಡ ಸರಿದೂಗಿಸುವ ಸಣ್ಣ ರಂಧ್ರವಿರುತ್ತದೆ. ಅದರ ಮೇಲೆ ಲೇಬಲ್ ಅಂಟಿಸಬೇಡಿ.

ಎಸಿ ಕೋಣೆಯಿಂದ ಸೆಕೆಯ ಜಾಗಕ್ಕೆ ತಂದ ಡಿಸ್ಕ್‌ನ ಮೈಮೇಲೆ ತೇವ ಕಟ್ಟುವುದರಿಂದ, ಕೆಲವು ಗಂಟೆ ಹಾಗೆಯೇ ಬಿಟ್ಟು ಆಮೇಲೆ ಚಾಲನೆ ಮಾಡಬೇಕು.

ಎತ್ತಿಟ್ಟ ಡಿಸ್ಕ್‌ನ ದೊಡ್ಡ ತೊಂದರೆ ಬೇರೆಯೇ: ಅದು ಕೆಟ್ಟಿರುವುದು ಯಾರಿಗೂ ತಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ, ಕೊನೆಯ ಪಕ್ಷ ವರ್ಷಕ್ಕೊಮ್ಮೆ, ಅದನ್ನು ಹೊರತೆಗೆದು ಪೂರ್ತಿಯಾಗಿ ಓದಿಸಬೇಕು. ಒಂದೆರಡು ಫೋಟೊ ತೆರೆದು ನೋಡುವುದರಿಂದ ಆಗುವುದಿಲ್ಲ. ಸ್ಮಾರ್ಟ್‌ನ ದೀರ್ಘ ಪರೀಕ್ಷೆ ಡಿಸ್ಕ್‌ನ ಇಡೀ ಮೇಲ್ಮೈಯನ್ನು ಓದುವುದರಿಂದ ಅದನ್ನೇ ನಡೆಸಿ. ಆಯುಧಪೂಜೆಗೆ ಗಾಡಿ, ಹತಾರಗಳನ್ನೆಲ್ಲ ತೊಳೆದು ಒರೆಸುವ ವಾರದಲ್ಲಿ ಈ ಕೆಲಸವನ್ನೂ ಇಟ್ಟುಕೊಂಡರೆ ಪ್ರತಿ ವರ್ಷ ತಪ್ಪದೆ ನೆನಪಾಗುತ್ತದೆ.

ಎಸ್‌ಎಸ್‌ಡಿಯಲ್ಲಿ ಇಟ್ಟರೆ ಇನ್ನೂ ಸುರಕ್ಷಿತವಲ್ಲವೇ?

ದಿನನಿತ್ಯದ ಬಳಕೆಗೆ ಹೌದು, ಬೀಳಿಸಿದರೂ ತಡೆದುಕೊಳ್ಳುತ್ತದೆ. ಆದರೆ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಎತ್ತಿಡುವುದಕ್ಕೆ ಅಲ್ಲ. ಎಸ್‌ಎಸ್‌ಡಿಯಲ್ಲಿ ಡೇಟಾ ಉಳಿಯುವುದು ಸೂಕ್ಷ್ಮ ಕೋಶಗಳಲ್ಲಿ ಸಿಕ್ಕಿಸಿಟ್ಟ ವಿದ್ಯುದಂಶದ ರೂಪದಲ್ಲಿ. ಅದು ನಿಧಾನವಾಗಿ ಸೋರುತ್ತದೆ, ಶಾಖ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮವು, ಗೃಹಬಳಕೆಯ ಎಸ್‌ಎಸ್‌ಡಿಯೊಂದು ತನ್ನ ನಿಗದಿತ ಬರಹಮಿತಿಯನ್ನು ಪೂರ್ತಿ ಬಳಸಿದ ಮೇಲೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟುಕೊಳ್ಳಬೇಕೆಂದು ಕೇಳುತ್ತದೆ, ಅಷ್ಟೇ. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆಂಬುದು ನಿಜವಾದರೂ, ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿಗಳನ್ನು ದೀರ್ಘಕಾಲದ ಏಕೈಕ ಪ್ರತಿಯಾಗಿಸಬಾರದು.

ಡಿಸ್ಕನ್ನು ಸದಾ ಚಾಲೂ ಇಡಬೇಕೇ, ಬಳಸಿದಾಗ ಮಾತ್ರವೇ? ಸೆಕೆಗೆ ಏನು ಮಾಡಬೇಕು?

ದಿನವಿಡೀ ಓಡುವ ನ್ಯಾಸ್ ಪೆಟ್ಟಿಗೆಗೆ ಅದಕ್ಕೆಂದೇ ಮಾಡಿದ ಡಿಸ್ಕ್ ಇರಲಿ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ತೆಗೆದಿಡಿ. ಇವೆರಡರ ನಡುವಿನ ಸ್ಥಿತಿ, ಅಂದರೆ ಕೆಲವು ನಿಮಿಷಕ್ಕೊಮ್ಮೆ ನಿದ್ರಿಸಿ ಏಳುವ ಡಿಸ್ಕ್, ಎರಡಕ್ಕಿಂತಲೂ ಕೆಟ್ಟದ್ದು. ಓದುವ ತಲೆಯನ್ನು (ಹೆಡ್) ತಟ್ಟೆಯಿಂದ ಹೊರಗೆಳೆದು ನಿಲ್ಲಿಸುವ ಸಾಮರ್ಥ್ಯಕ್ಕೆ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ 3 ಲಕ್ಷ ಸಲ ಎಂಬ ಮಿತಿ ಕಾಣುತ್ತದೆ. ಆತುರದ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಅದನ್ನು ಕೆಲವೇ ವರ್ಷಗಳಲ್ಲಿ ತಿಂದುಹಾಕಬಲ್ಲದು.

ಶಾಖದ ವಿಷಯದಲ್ಲಿ ಗೂಗಲ್‌ನ ವರದಿಯು, ಸಾಧಾರಣ ಉಷ್ಣತೆಯಲ್ಲಿ ಜನ ಭಾವಿಸಿದಷ್ಟು ಗಾಢವಾದ ಸಂಬಂಧವಿಲ್ಲವೆಂದೇ ಹೇಳಿತು. ಹಾಗಾಗಿ ಬೆಂಗಳೂರಿನ ಮನೆಯಲ್ಲಿ ಫ್ಯಾನ್ ಹಿಡಿದು ಕೂರುವ ಅಗತ್ಯವಿಲ್ಲ. ಕೋಣೆಯೇ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಾತ್ರ ದೊಡ್ಡ ನಕಲು ಕೆಲಸಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ, ಡಿಸ್ಕ್‌ನ ಉಷ್ಣತೆ 50ರ ಒಳಗಿರುವಂತೆ ನೋಡಿಕೊಳ್ಳಿ.

ಕರೆಂಟ್ ಹೋಗುವುದರಿಂದ ಎಷ್ಟು ಅಪಾಯ?

ಆಧುನಿಕ ಡಿಸ್ಕ್ ವಿದ್ಯುತ್ ನಿಂತಾಗ, ತಟ್ಟೆ ಇನ್ನೂ ತಿರುಗುತ್ತಿರುವ ಬಲದಿಂದಲೇ ತಲೆಯನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಯಂತ್ರಕ್ಕಿಂತ ಹೆಚ್ಚಿನ ಅಪಾಯ ಅರ್ಧ ಬರೆದ ಕಡತಕ್ಕೆ. ಬರೆಯುವ ಮುನ್ನ ಬದಲಾವಣೆಯ ಟಿಪ್ಪಣಿ ಇಟ್ಟುಕೊಳ್ಳುವ ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಕಡತ ವ್ಯವಸ್ಥೆಗಳು ಇಂಥ ಆಘಾತದಿಂದ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುತ್ತದೆಂಬ ಕಾರಣಕ್ಕೆ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಬಳಸುವ ಎಕ್ಸ್‌ಫ್ಯಾಟ್‌ಗೆ ಆ ಸೌಲಭ್ಯವಿಲ್ಲ. ಎಜೆಕ್ಟ್ ಮಾಡದೆ ಕೇಬಲ್ ಕೀಳುವ ಅಭ್ಯಾಸಕ್ಕೂ ಇದೇ ಮಾತು.

ಮಲೆನಾಡು ಮತ್ತು ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಜವಾದ ಶತ್ರು. ಸಿಡಿಲಿಗೆ ಯುಪಿಎಸ್ ಕೂಡ ಖಾತರಿ ಕೊಡಲಾರದು. ಮೋಡ ಕಟ್ಟಿದಾಗ ಪ್ಲಗ್ ಕೀಳುವುದು, ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕೀಳುವುದು ಹಳೆಯದಾದರೂ ಇಂದಿಗೂ ಸರಿಯಾದ ಉಪಾಯ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಪರೀಕ್ಷಿಸಿಕೊಳ್ಳಿ.

ರೇಡ್ ಇದ್ದರೆ ಬ್ಯಾಕಪ್ ಬೇಕಿಲ್ಲವೇ?

ಬೇಕು. ರೇಡ್ ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ನೀವು ಅಳಿಸಿದ ಫೋಲ್ಡರನ್ನು ಅದು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣದಲ್ಲಿ ಅಳಿಸುತ್ತದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈಯಂಥ, ಕಡತಗಳನ್ನು ತೆರೆಯದಂತೆ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಎರಡನ್ನೂ ಒಟ್ಟಿಗೆ ಬೀಗ ಹಾಕುತ್ತದೆ. ಕಳ್ಳತನ, ಬೆಂಕಿ, ನೀರಿಗೂ ಅದು ಒಂದೇ ಪೆಟ್ಟಿಗೆ. ಹಣ ಎರಡು ಡಿಸ್ಕ್‌ಗಳಿಗಷ್ಟೇ ಇದ್ದರೆ, ಅವನ್ನು ರೇಡ್‌ನಲ್ಲಿ ಜೋಡಿಸುವುದಕ್ಕಿಂತ ಒಂದನ್ನು ಬಳಸಿ ಇನ್ನೊಂದನ್ನು ಬೇರೆ ಮಾಡಿ ಇಡುವುದು ಉತ್ತಮ.

ಹಾಗಾದರೆ ಎಷ್ಟು ಪ್ರತಿಗಳಿರಬೇಕು, ಎಲ್ಲಿ?

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಮನೆಗಳಿಗೂ ಹೊಂದುತ್ತದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ದೂರ. ಕಂಪ್ಯೂಟರಿನಲ್ಲಿ ಒಂದು, ಬೀರುವಿನ ಡಿಸ್ಕ್‌ನಲ್ಲಿ ಇನ್ನೊಂದು. ಮೂರನೆಯದಕ್ಕೆ ನಮ್ಮಲ್ಲಿ ಅನೇಕರಿಗೆ ಊರಿನ ಮನೆಯೇ ಇದೆ. ಬೆಂಗಳೂರಿನಲ್ಲಿರುವವರು ಶಿರಸಿಯಲ್ಲಿ ಅಪ್ಪ ಅಮ್ಮನ ಬಳಿ ಒಂದು ಡಿಸ್ಕ್ ಇಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಕೊಟ್ಟು ಹಳೆಯದನ್ನು ತಂದು ತಾಜಾ ಮಾಡಬಹುದು. ವಿದೇಶದಲ್ಲಿರುವವರಿಗೆ ಕ್ಲೌಡ್ ಅನುಕೂಲ. ಆದರೆ ಬಾಡಿಗೆ ಕಟ್ಟುವವರೆಗೆ ಮಾತ್ರ ಅದು ನಿಮ್ಮದು, ಕರಾರೂ ಬದಲಾಗಬಹುದು. ಗೂಗಲ್ ಫೋಟೋಸ್‌ನ ಉಚಿತ ಅಪರಿಮಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತುಹೋದದ್ದನ್ನು ಎಲ್ಲರೂ ಕಂಡಿದ್ದೇವೆ.

ಮನೆಯಿಂದ ಹೊರಗೆ ಹೋಗುವ ಡಿಸ್ಕನ್ನು ಬಿಟ್‌ಲಾಕರ್, ವೆರಾಕ್ರಿಪ್ಟ್ ಅಥವಾ ಲಕ್ಸ್ ಎಂಬ ತಂತ್ರಾಂಶ ಬಳಸಿ ಗೂಢಲಿಪಿಯಲ್ಲಿಡಿ. ಗುಪ್ತಪದವನ್ನೂ ಬಿಟ್‌ಲಾಕರ್‌ನ 48 ಅಂಕಿಯ ಮರುಪ್ರಾಪ್ತಿ ಕೀಲಿಯನ್ನೂ ಕಾಗದದ ಮೇಲೆ ಬರೆದು ಆಸ್ತಿಪತ್ರಗಳ ಜೊತೆಗಿಡಿ. ಮನೆಯಲ್ಲಿ ಇನ್ನೊಬ್ಬರಿಗೂ ಅದು ಎಲ್ಲಿದೆ ಎಂಬುದು ತಿಳಿದಿರಲಿ.

ಡಿಸ್ಕ್ ಚೆನ್ನಾಗಿದ್ದೂ ಕಡತ ಕೆಡಬಹುದೇ?

ಕೆಡಬಹುದು. ದೋಷವಿರುವ ರ‍್ಯಾಮ್, ಸಡಿಲ ಕೇಬಲ್, ನಡುವೆ ನಿಂತ ನಕಲು ಇವು ಕಡತದ ಒಂದೆರಡು ಬಿಟ್‌ಗಳನ್ನು ಸದ್ದಿಲ್ಲದೆ ಬದಲಿಸಬಲ್ಲವು. ಇದಕ್ಕೆ ಇರುವ ಮದ್ದು ಚೆಕ್‌ಸಮ್. ಎಸ್‌ಎಚ್‌ಎ-256ರಂಥ ಸೂತ್ರ ಪ್ರತಿ ಕಡತದಿಂದ ಒಂದು ಮುದ್ರೆಯನ್ನು ಲೆಕ್ಕಹಾಕಿ ಕೊಡುತ್ತದೆ. ಒಂದೇ ಬಿಟ್ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಮುದ್ರೆಗಳ ಪಟ್ಟಿಯನ್ನು ಕಡತಗಳ ಜೊತೆಗೇ ಇಟ್ಟು, ವಾರ್ಷಿಕ ತಪಾಸಣೆಯಲ್ಲಿ ತಾಳೆ ನೋಡಿದರೆ ಯಾವ ಪ್ರತಿ ಕೆಟ್ಟಿದೆ, ಯಾವುದು ಸರಿಯಿದೆ ಎಂಬುದು ಖಚಿತವಾಗುತ್ತದೆ. ಜೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ವ್ಯವಸ್ಥೆಗಳು ಈ ಲೆಕ್ಕವನ್ನು ತಾವೇ ಇಡುತ್ತವೆ. ಅಲ್ಲಿ ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಇರುವುದನ್ನೆಲ್ಲ ಓದಿ ತಾಳೆ ನೋಡುವ ಕೆಲಸ, ನಡೆಸಿದರೆ ಸಾಕು. ಕಟ್ ಮಾಡಿ ಪೇಸ್ಟ್ ಮಾಡುವ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಿ: ಮೊದಲು ನಕಲು, ಆಮೇಲೆ ತಾಳೆ, ಕೊನೆಗೆ ಅಳಿಸುವುದು.

ಹಳೆಯ ಕನ್ನಡ ಕಡತಗಳ ಬಗ್ಗೆ ವಿಶೇಷವಾಗಿ ಏನಾದರೂ ಇದೆಯೇ?

ಇದೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ನಿಜವಾಗಿ ಉಳಿದಿರುವುದು ರೋಮನ್ ಅಕ್ಷರಗಳ ಸಂಕೇತಗಳು; ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸುತ್ತಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ, ಒಂದು ಬಿಟ್ ಕೂಡ ಕೆಡದ ಕಡತವೂ ಅರ್ಥವಿಲ್ಲದ ಅಕ್ಷರಗಳ ಗುಡ್ಡೆಯಾಗಿ ಕಾಣುತ್ತದೆ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿಯೇ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ತಿದ್ದಿ, ಮೂಲ ಕಡತ, ಆ ಫಾಂಟು ಮತ್ತು ಒಂದು ಪಿಡಿಎಫ್ ಪ್ರತಿಯನ್ನು ಒಂದೇ ಫೋಲ್ಡರಿನಲ್ಲಿಡಿ. ಪಂಚಾಂಗಶುದ್ಧಿ, ವಂಶಾವಳಿ, ಊರಿನ ದೇವಸ್ಥಾನದ ಲೆಕ್ಕಗಳನ್ನು ಹೀಗೆ ಟೈಪ್ ಮಾಡಿಟ್ಟ ಹಿರಿಯರ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ, ಡಿಸ್ಕ್ ಬದಲಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವಿದು.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದೆ. ಏನು ಮಾಡಲಿ?

ಕೂಡಲೇ ಆರಿಸಿ. ಓದುವ ತಲೆಯು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ಕೆಟ್ಟ ತಲೆ ತಟ್ಟೆಯನ್ನು ಕೆರೆಯುತ್ತಿದ್ದರೆ ಪ್ರತಿ ಸಲ ಚಾಲೂ ಮಾಡಿದಾಗಲೂ ಇನ್ನಷ್ಟು ಡೇಟಾ ಪುಡಿಯಾಗುತ್ತದೆ. ಫ್ರಿಜ್‌ನಲ್ಲಿಡುವುದು, ತಟ್ಟುವುದು, ಮನೆಯಲ್ಲೇ ಮುಚ್ಚಳ ಬಿಚ್ಚುವುದು ಬೇಡ. ಬೇರೆ ಪ್ರತಿಯಿದ್ದರೆ ಡಿಸ್ಕನ್ನು ಮರೆತುಬಿಡಿ. ಇಲ್ಲದಿದ್ದರೆ ಧೂಳುರಹಿತ ಕೋಣೆಯುಳ್ಳ ಮರುಪ್ರಾಪ್ತಿ ಪ್ರಯೋಗಾಲಯಕ್ಕೇ ಕಳುಹಿಸಬೇಕು. ಅದರ ವೆಚ್ಚದಲ್ಲಿ ಹಲವು ಹೊಸ ಡಿಸ್ಕ್ ಕೊಳ್ಳಬಹುದು, ಫಲವೂ ಖಚಿತವಲ್ಲ. ಸದ್ದಿಲ್ಲದೆ ಕೆಲವು ಸೆಕ್ಟರ್‌ಗಳಷ್ಟೇ ಓದಲಾಗದಿದ್ದರೆ, ಸಿಕ್ಕಿದ್ದನ್ನು ಮೊದಲು ಎತ್ತಿಕೊಂಡು ಕಷ್ಟದ ಭಾಗಗಳಿಗೆ ಆಮೇಲೆ ಮರಳುವ ಡಿಡಿರೆಸ್ಕ್ಯೂ ತಂತ್ರಾಂಶ ಸಹಾಯಕ. ಅಂಥ ಡಿಸ್ಕ್ ಮೇಲೆ ವಿಂಡೋಸ್‌ನ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಅಲ್ಲಿಯೇ ಬರೆಯುತ್ತದೆ.

ಹಳೆಯ ಡಿಸ್ಕನ್ನು ಯಾವಾಗ ಬಿಡಬೇಕು?

ವಾರಂಟಿ ಮುಗಿದು, ಐದು ವರ್ಷ ಸಮೀಪಿಸಿದಾಗ ಹೊಸದನ್ನು ತಂದು ಎಲ್ಲವನ್ನೂ ವರ್ಗಾಯಿಸಿ, ಹಳೆಯದನ್ನು ನಾಲ್ಕನೆಯ ಪ್ರತಿಯಾಗಿ ಇಟ್ಟುಕೊಳ್ಳಬಹುದು. 197ನೆಯ ಅಂಕಿ ಸೊನ್ನೆಯಿಂದ ಮೇಲೇರಿದ ಡಿಸ್ಕ್‌ಗೆ ಆ ಗೌರವವೂ ಬೇಡ. ಕೈಬಿಡುವಾಗ ಇಡೀ ಡಿಸ್ಕನ್ನು ಒಮ್ಮೆ ಸೊನ್ನೆಗಳಿಂದ ತುಂಬಿಸಿದರೆ ಇಂದಿನ ಡಿಸ್ಕ್‌ಗಳಲ್ಲಿ ಸಾಕಾಗುತ್ತದೆ; ಚಾಲೂ ಆಗದಿದ್ದರೆ ಹೊದಿಕೆ ಬಿಚ್ಚಿ ತಟ್ಟೆಗಳನ್ನು ಹಾಳುಗೆಡವಿ. 2.5 ಇಂಚಿನ ಡಿಸ್ಕ್‌ಗಳಲ್ಲಿ ಅವು ಗಾಜಿನವಾಗಿರುವುದುಂಟು, ಆದ್ದರಿಂದ ಕಣ್ಣಿಗೆ ಕನ್ನಡಕವಿರಲಿ. ಉಳಿದದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.